ಹಾಯಿದೋಣಿಯಲ್ಲಿ ಸಂಸಾರ ಹೂಡುವುದು ಹೇಗೆ?

ರಾತ್ರಿ ಎರಡು ಗಂಟೆ. ದೋಣಿ ಒಂದು ಪಕ್ಕಕ್ಕೆ ವಾಲಿಕೊಂಡು ಓಡುತ್ತಿದೆ. ಒಳಗೆ ಮಗು ಬಟ್ಟೆಯ ತಡೆಗೆ ಒರಗಿ ನಿದ್ದೆ ಹೋಗಿದೆ. ಸಿಂಕಿನಲ್ಲಿ ಬಿಟ್ಟ ಒಂದು ಚಮಚ ಅಲೆಗೊಮ್ಮೆ ಟಿಣ್ ಅನ್ನುತ್ತಿದೆ. ಪಹರೆ ಮುಗಿಸಿ ಬಂದವರಿಗೆ ಮಲಗಲು ಸಿಗುವುದೇ ಮೂರು ಗಂಟೆ. ಅದರಲ್ಲಿ ಅರ್ಧ ಗಂಟೆಯನ್ನು ಈ ಚಮಚ ತಿಂದುಹಾಕುತ್ತದೆ. ಎದ್ದು ಹೋಗಿ ಎತ್ತಿಟ್ಟರೆ ಕೆಲಸ ಮುಗೀತು. ಆದರೆ ಏಳಬೇಕಲ್ಲ!

ಮಕ್ಕಳ ಜೊತೆ ಹಾಯಿದೋಣಿಯಲ್ಲಿ ಇರ್ತೀವಿ ಅಂದರೆ ಜನ ಬಿರುಗಾಳಿ, ಶಾರ್ಕ್, ಕಡಲ್ಗಳ್ಳರ ಬಗ್ಗೆ ಕೇಳುತ್ತಾರೆ. ನನ್ನನ್ನು ಕೇಳಿದರೆ ಸಂಸಾರವನ್ನು ವಾಪಸ್ ದಡಕ್ಕೆ ಅಟ್ಟುವುದು ಇಂಥ ಚಮಚಗಳೇ. ನಿದ್ದೆಗೆಟ್ಟ ಅಪ್ಪ ಅಮ್ಮ, ಕಟ್ಟಿಕೊಂಡ ಟಾಯ್ಲೆಟ್, ಒಣಗದ ಹಾಸಿಗೆ, ಮುನಿಸಿಕೊಂಡರೆ ಹೋಗಿ ಕೂರಲು ಇನ್ನೊಂದು ಕೋಣೆ ಇಲ್ಲದಿರುವುದು. ಅದಕ್ಕೇ ಈ ಮಾರ್ಗದರ್ಶಿಯಲ್ಲಿ ಹಾಯಿ ಕಟ್ಟುವುದಕ್ಕಿಂತ ಮನೆ ನಡೆಸುವ ಮಾತೇ ಜಾಸ್ತಿ.

1. ಮೊದಲು ಎಲ್ಲರೂ ಕೂತು ಮಾತಾಡಿ

ಒಬ್ಬರ ಕನಸಿಗೆ ಇನ್ನೊಬ್ಬರು ಸುಮ್ನೆ ಹೂಂಗುಟ್ಟಿ ಬಂದಿದ್ದರೆ ಮೊದಲ ಕೆಟ್ಟ ರಾತ್ರಿಯೇ ಅದು ಬಯಲಾಗುತ್ತದೆ. ದೋಣಿ ಕೊಳ್ಳುವ ಮುಂಚೆ ಒಂದು ವಾರ ಬಾಡಿಗೆ ದೋಣಿಯಲ್ಲಿ ಇದ್ದು ನೋಡಿ. ಹವೆ ಚೆನ್ನಾಗಿರುವ ವಾರ ಬೇಡ, ಸ್ವಲ್ಪ ಮಳೆ ಗಾಳಿ ಇರಲಿ. ಬಿಸಿಲಿನಲ್ಲಿ ದೋಣಿ ಯಾರಿಗೆ ಇಷ್ಟವಾಗಲ್ಲ? ಒಂದೇ ಮೇಜಿನ ಸುತ್ತ ನಾಲ್ಕು ಜನ ಮೂರು ದಿನ ಕೂತಾಗಲೇ ನಿಜ ಗೊತ್ತಾಗುವುದು.

ಆಮೇಲೆ ದೊಡ್ಡವರಿಬ್ಬರೂ ದೋಣಿ ಕಲಿಯಬೇಕು. ಹಾಯಿ ಇಳಿಸುವುದು, ಎಂಜಿನ್ ಶುರು ಮಾಡುವುದು, ಲಂಗರು ಹಾಕುವುದು, ರೇಡಿಯೋದಲ್ಲಿ ಸಹಾಯ ಕೇಳುವುದು, ದೋಣಿಯನ್ನು ಬಂದರಿಗೆ ವಾಪಸ್ ತರುವುದು. ಈ ಐದೂ ಇಬ್ಬರಿಗೂ ಒಬ್ಬೊಬ್ಬರೇ ಮಾಡುವಷ್ಟು ಬರಬೇಕು. ನೀರಿಗೆ ಬೀಳುವವರು ದೋಣಿ ಚೆನ್ನಾಗಿ ಬಲ್ಲವರೇ ಆಗಿರಬಹುದು, ಅಲ್ವಾ? ಗಂಡ ಹೆಂಡತಿಗೆ ಕಲಿಸುವುದು, ಹೆಂಡತಿ ಗಂಡನಿಗೆ ಕಲಿಸುವುದು ಬೇಡವೇ ಬೇಡ. ಮನೆಯವರಿಗೆ ಕಾರು ಕಲಿಸಲು ಹೋದವರಿಗೆ ಆ ಕಥೆ ಗೊತ್ತು. ಬೇರೆ ಬೇರೆ ತರಗತಿಗೆ ಹೋಗಿ.

2. ದೋಣಿ ಆರಿಸುವಾಗ

ನಾಲ್ಕು ಜನರ ಸಂಸಾರಕ್ಕೆ 36ರಿಂದ 45 ಅಡಿ ಉದ್ದದ ದೋಣಿ ಸಾಕು. ಇದಕ್ಕಿಂತ ದೊಡ್ಡದಾದರೆ ಹಾಯಿಯೂ ದೊಡ್ಡದು, ಹಗ್ಗದ ಎಳೆತವೂ ಜೋರು. ಒಬ್ಬರು ಮಲಗಿರುವಾಗ ಇನ್ನೊಬ್ಬರು ಒಂಟಿಯಾಗಿ ಹಾಯಿ ಚಿಕ್ಕದು ಮಾಡಲು ಆಗುತ್ತದಾ? ಆಗದಿದ್ದರೆ ಆ ದೋಣಿ ನಿಮಗಲ್ಲ.

ಒಂದೇ ಒಡಲಿನ ದೋಣಿಯೋ, ಜೋಡಿ ಒಡಲಿನ ಕ್ಯಾಟಮರಾನೋ ಅನ್ನುವ ವಾದ ಮುಗಿಯುವಂಥದ್ದಲ್ಲ. ಕ್ಯಾಟಮರಾನ್ ಅಷ್ಟಾಗಿ ವಾಲುವುದಿಲ್ಲ, ಮಕ್ಕಳಿಗೆ ಓಡಾಡಲು ಜಾಗ ಜಾಸ್ತಿ. ಆದರೆ ಭಾರ ಹೇರಿದರೆ ಮಂಕಾಗುತ್ತದೆ. ಸಂಸಾರ ಅಂದಮೇಲೆ ಭಾರ ಹೇರದೆ ಇರುವುದುಂಟೇ? ಎರಡರಲ್ಲೂ ನಾನು ನೋಡುವುದು ಇಷ್ಟು: ಕಾಕ್‌ಪಿಟ್ (ದೋಣಿ ನಡೆಸಲು ಕೂರುವ ತೆರೆದ ಜಾಗ) ಆಳವಾಗಿದೆಯಾ, ಒಳಗೆ ನಡೆಯುವಾಗ ಪ್ರತಿ ಹೆಜ್ಜೆಗೂ ಹಿಡಿ ಸಿಗುತ್ತದಾ, ಆ ಹಿಡಿ ಮಕ್ಕಳ ಕೈಗೂ ಎಟುಕುತ್ತದಾ.

3. ನಿದ್ದೆಯ ವ್ಯವಸ್ಥೆ

ದೋಣಿ ಕೈಗೆ ಬಂದ ದಿನ ಜನ ಹೊಸ ಜಿಪಿಎಸ್ ಜೋಡಿಸಲು ಕೂರುತ್ತಾರೆ. ನೀವು ಮೊದಲು ಹಾಸಿಗೆ ನೋಡಿ.

ದೋಣಿಯ ಮೂತಿಯ, ಅಂದರೆ ಮುಂತುದಿಯ ಕಡೆ ಇರುವ ಅಗಲದ ಹಾಸಿಗೆ ಲಂಗರು ಹಾಕಿದಾಗ ಸ್ವರ್ಗ. ಓಡುವಾಗ ಅಲ್ಲಿ ಮಲಗಿದರೆ ಅಲೆಗೊಮ್ಮೆ ಮೈ ಗಾಳಿಯಲ್ಲಿ ಹಾರುತ್ತದೆ. ಕಡಲಲ್ಲಿ ಮಲಗಲು ಒಳ್ಳೆಯ ಜಾಗ ದೋಣಿಯ ನಡುವೆ, ಆದಷ್ಟು ಕೆಳಗೆ, ಇಕ್ಕಟ್ಟಾಗಿರುವ ಕಡೆ. ಹಾಸಿಗೆಯ ತೆರೆದ ಪಕ್ಕಕ್ಕೆ ಗಟ್ಟಿ ಬಟ್ಟೆಯ ತಡೆ ಕಟ್ಟಬೇಕು. ಬಟ್ಟೆಯ ಕೆಳಅಂಚು ಹಾಸಿಗೆಯ ಅಡಿಯ ಹಲಗೆಗೆ ಬಿಗಿಯಬೇಕು, ಮೇಲಿನ ಎರಡು ತುದಿಗೆ ಹಗ್ಗ ಹಾಕಿ ಚಾವಣಿಯ ಕೊಕ್ಕೆಗೆ ಸಿಕ್ಕಿಸಬೇಕು. ಮಗು ತೊಟ್ಟಿಲಲ್ಲಿ ಮಲಗಿದ ಹಾಗೆ ಮಲಗುತ್ತದೆ. ಗಂಟು ಒಂದೇ ಎಳೆತಕ್ಕೆ ಬಿಚ್ಚುವಂತಿರಲಿ.

ಪ್ರತಿ ಮಗುವಿಗೂ ತನ್ನದು ಅನ್ನುವ ಒಂದು ಮೂಲೆ ಬೇಕು. ಒಂದು ದೀಪ, ಒಂದು ಸಣ್ಣ ಫ್ಯಾನು, ಪುಸ್ತಕ ಆಟಿಕೆಗೆ ಒಂದು ಬಲೆ ಚೀಲ. ಆ ಮೂಲೆಯಲ್ಲಿ ಕೂತಿದ್ದಾಗ ಯಾರೂ ಮಾತಾಡಿಸಬಾರದು ಎಂಬ ನಿಯಮ ಮಾಡಿ. ಇದು ದೊಡ್ಡವರಿಗೂ ಅನ್ವಯ.

ರಾತ್ರಿ ಓಡುವಾಗ ಪಹರೆ ತಪ್ಪಿಸುವ ಹಾಗೇ ಇಲ್ಲ. 1972ರ ಅಂತರರಾಷ್ಟ್ರೀಯ ಘರ್ಷಣೆ ತಡೆ ನಿಯಮಗಳಲ್ಲಿ 5ನೆಯದು ಇದನ್ನೇ ಹೇಳುತ್ತದೆ: ಎಲ್ಲ ಹೊತ್ತಿನಲ್ಲೂ ಕಣ್ಣು ಕಿವಿ ತೆರೆದು ಒಬ್ಬರು ಕಾವಲಿರಬೇಕು. ಕಾರಣ ಸರಳ ಲೆಕ್ಕ. ಸರಕು ಹಡಗು ಗಂಟೆಗೆ 20 ನಾಟಿಕಲ್ ಮೈಲಿ ವೇಗದಲ್ಲಿ ಬರುತ್ತಿದೆ, ನೀವು 5ರಲ್ಲಿ ಎದುರು ಹೋಗುತ್ತಿದ್ದೀರಿ. ಏಳು ಮೈಲಿ ದೂರದಲ್ಲಿ ಅದರ ದೀಪ ಕಂಡರೆ ನಿಮ್ಮಿಬ್ಬರ ನಡುವೆ ಉಳಿದಿರುವುದು 17 ನಿಮಿಷ. ಅದಕ್ಕೇ ಅಡುಗೆಮನೆ ಟೈಮರ್ 10 ನಿಮಿಷಕ್ಕೆ ಇಟ್ಟು, ಅದು ಕಿರುಚಿದಾಗಲೆಲ್ಲ ಎದ್ದು ಸುತ್ತ ನೋಡಬೇಕು. ಎಐಎಸ್ ಯಂತ್ರ ಇದ್ದರೆ ದೊಡ್ಡ ಹಡಗುಗಳ ಹೆಸರು, ದಿಕ್ಕು, ವೇಗ ಪರದೆಯ ಮೇಲೆ ಬರುತ್ತದೆ. ಮೀನುಗಾರರ ಸಣ್ಣ ದೋಣಿಗಳು ಅದರಲ್ಲಿ ಕಾಣುತ್ತವೆಂದು ನಂಬಬೇಡಿ.

ಇಬ್ಬರೇ ದೊಡ್ಡವರಿದ್ದರೆ ಮೂರು ಗಂಟೆಯ ಸರದಿ ಚೆನ್ನಾಗಿ ನಡೆಯುತ್ತದೆ. ಕೆಲವರಿಗೆ ನಾಲ್ಕೇ ಸರಿ. ಮೊದಲ ಮೂರು ರಾತ್ರಿ ಜೀವ ಹೋದ ಹಾಗಾಗುತ್ತದೆ, ಆಮೇಲೆ ಮೈ ಒಗ್ಗಿಕೊಳ್ಳುತ್ತದೆ. ಹಗಲು ಇಬ್ಬರಿಗೂ ಒಂದೊಂದು ನಿದ್ದೆ ಕಡ್ಡಾಯ. "ನನಗೇನೂ ಆಯಾಸ ಇಲ್ಲ" ಅನ್ನುವವರನ್ನೇ ಮೊದಲು ಮಲಗಿಸಿ. ಹದಿಮೂರು ಹದಿನಾಲ್ಕರ ಮಕ್ಕಳು ಹಗಲು ಪಹರೆ ಚೆನ್ನಾಗಿ ಮಾಡುತ್ತಾರೆ. ಕೂಗಿದರೆ ಏಳುವಷ್ಟು ಹತ್ತಿರ ಒಬ್ಬ ದೊಡ್ಡವರಿರಬೇಕು, ಅಷ್ಟೇ.

4. ನೀರಿಗೆ ಬೀಳದಿರಲು

ಇದರಲ್ಲಿ ಚೌಕಾಸಿ ಇಲ್ಲ. ದೋಣಿ ಓಡುತ್ತಿರುವಾಗ ಕ್ಯಾಬಿನ್ನಿನಿಂದ ಹೊರಗೆ ಬರುವ ಮಗು ಲೈಫ್ ಜಾಕೆಟ್ ಹಾಕಿಯೇ ಬರಬೇಕು. ಚಿಕ್ಕವರಿಗೆ ಫೋಮ್ ತುಂಬಿದ್ದು, ಕತ್ತಿನ ಹಿಂದೆ ದಪ್ಪ ಪಟ್ಟಿ ಇರುವುದು, ತೊಡೆ ಸಂದಿನಲ್ಲಿ ಬಿಗಿಯುವ ಪಟ್ಟಿ ಇರುವುದು ಬೇಕು. ಆ ಕೆಳಗಿನ ಪಟ್ಟಿ ಬಿಗಿಯದಿದ್ದರೆ ಜಾಕೆಟ್ ಮೇಲೆ ತೇಲುತ್ತದೆ, ಮಗು ಕೆಳಗೆ ಜಾರುತ್ತದೆ. ಡೆಕ್ಕಿನ ಸುತ್ತ ಇರುವ ತಂತಿ ಬೇಲಿಗೆ ಬಲೆ ಕಟ್ಟಿಸಿ. ಬಲೆ ಇದೆ ಅಂತ ನಿಗಾ ಬಿಡಬೇಡಿ. ಅದು ಆಟಿಕೆ ಉಳಿಸಲು ಒಳ್ಳೆಯದು, ಮಗು ಉಳಿಸುವ ಕೆಲಸ ನಿಮ್ಮದು.

ರಾತ್ರಿ ಕಾಕ್‌ಪಿಟ್ಟಿಗೆ ಬಂದ ಪ್ರತಿಯೊಬ್ಬರೂ ಹಾರ್ನೆಸ್ಸಿನ (ಮೈಗೆ ಬಿಗಿಯುವ ಪಟ್ಟಿಯ) ಹಗ್ಗವನ್ನು ದೋಣಿಯ ಕೊಕ್ಕೆಗೆ ಸಿಕ್ಕಿಸಬೇಕು. ಇನ್ನೊಬ್ಬರನ್ನು ಎಬ್ಬಿಸದೆ ಯಾರೂ ಡೆಕ್ಕಿನ ಮುಂದೆ ಹೋಗಬಾರದು. "ಎಬ್ಬಿಸೋದು ಯಾಕೆ, ಪಾಪ" ಅಂತ ಕನಿಕರ ತೋರಿಸಿದ ರಾತ್ರಿಯೇ ಎಡವಟ್ಟಾಗುವುದು. ಗಂಟೆಗೆ 6 ನಾಟಿಕಲ್ ಮೈಲಿ ಓಡುವ ದೋಣಿ ಒಂದು ನಿಮಿಷದಲ್ಲಿ 185 ಮೀಟರ್ ಮುಂದೆ ಹೋಗಿರುತ್ತದೆ. ಅಷ್ಟು ದೂರದಲ್ಲಿ ಅಲೆಗಳ ನಡುವೆ ಒಂದು ತಲೆ ತೆಂಗಿನಕಾಯಿಗಿಂತ ದೊಡ್ಡದಾಗಿ ಕಾಣುವುದಿಲ್ಲ.

ತಿಂಗಳಿಗೊಮ್ಮೆ ನೀರಿಗೆ ಬಿದ್ದವರನ್ನು ಎತ್ತಿಕೊಳ್ಳುವ ಅಭ್ಯಾಸ ಮಾಡಿ. ಹಳೇ ಟೋಪಿ ಕಟ್ಟಿದ ಒಂದು ತೇಲುಬುರುಡೆ ಎಸೆಯಿರಿ. ಒಬ್ಬರು ಬೆರಳು ತೋರಿಸುತ್ತಾ ಕಣ್ಣು ಕೀಳದೆ ನಿಲ್ಲಬೇಕು. ಈ ಕೆಲಸ ಮಕ್ಕಳದ್ದು, ಅವರು ದೊಡ್ಡವರಿಗಿಂತ ಚೆನ್ನಾಗಿ ಮಾಡುತ್ತಾರೆ. ಇನ್ನೊಬ್ಬರು ಜಿಪಿಎಸ್‌ನಲ್ಲಿ ಆ ಜಾಗ ಗುರುತಿಸಿ ದೋಣಿ ನಿಲ್ಲಿಸಬೇಕು. ಹತ್ತಿರ ಬಂದಮೇಲೆ ಒದ್ದೆಯಾದ ಒಬ್ಬ ದೊಡ್ಡ ಮನುಷ್ಯನನ್ನು ಮೇಲೆತ್ತುವುದು ಹೇಗೆ ಎಂಬುದನ್ನೂ ಒಮ್ಮೆ ಮಾಡಿ ನೋಡಿ. ಬರೀ ತೋಳಿನ ಬಲದಿಂದ ಆಗುವುದಿಲ್ಲ, ಹಗ್ಗ ಮತ್ತು ರಾಟೆ ಬೇಕು.

ರೇಡಿಯೋ ಪಕ್ಕದಲ್ಲಿ ಒಂದು ಚೀಟಿ ಅಂಟಿಸಿ. ಓದಲು ಬರುವ ಮಗುವಿಗೆ ಅರ್ಥವಾಗುವಂತಿರಲಿ: ಕೆಂಪು ಗುಂಡಿಯ ಮುಚ್ಚಳ ತೆಗೆ, ಒತ್ತಿ ಹಿಡಿ. ಚಾನೆಲ್ 16ರಲ್ಲಿ ಮೂರು ಸಲ 'ಮೇಡೇ' ಹೇಳು. ದೋಣಿಯ ಹೆಸರು, ಪರದೆಯಲ್ಲಿ ಕಾಣುವ ಅಕ್ಷಾಂಶ ರೇಖಾಂಶ, ಏನಾಗಿದೆ, ಎಷ್ಟು ಜನ ಇದ್ದೀರಿ ಹೇಳು. ದೂರ ಹೋಗುವವರಿಗೆ 406 ಮೆಗಾಹರ್ಟ್ಸ್‌ನ ತುರ್ತು ಬೀಕನ್ (ಉಪಗ್ರಹದ ಮೂಲಕ ಸಹಾಯದ ಸಂಕೇತ ಕಳಿಸುವ ಯಂತ್ರ) ಬೇಕು. ಕೊಂಡ ದಿನವೇ ನೋಂದಾಯಿಸಿ.

ಜೊತೆಗೆ ಕೈಗೆ ಸಿಗುವ ಕಡೆ ಒಂದು ತುರ್ತು ಚೀಲ. 1972ರ ಜೂನ್ 15ರಂದು ಗಲಾಪಗೋಸ್ ದ್ವೀಪಗಳ ಪಶ್ಚಿಮಕ್ಕೆ ಡೂಗಲ್ ರಾಬರ್ಟ್‌ಸನ್ ಕುಟುಂಬದ ಹಾಯಿದೋಣಿ 'ಲೂಸೆಟ್' ಓರ್ಕಾ ತಿಮಿಂಗಿಲಗಳ ಗುದ್ದಿಗೆ ಒಡೆದು ಕೆಲವೇ ನಿಮಿಷಗಳಲ್ಲಿ ಮುಳುಗಿತು. ಮಕ್ಕಳೂ ಸೇರಿ ಆರು ಜನ. ಗಾಳಿ ತುಂಬಿದ ತೆಪ್ಪ ಎರಡು ವಾರ ದಾಟಿದಮೇಲೆ ಕೈಕೊಟ್ಟಿತು, ಉಳಿದ ದಿನಗಳನ್ನು ಡಿಂಗಿಯಲ್ಲಿ, ಅಂದರೆ ದಡಕ್ಕೆ ಹೋಗಿಬರುವ ಪುಟ್ಟ ದೋಣಿಯಲ್ಲಿ ಕಳೆದರು. 38ನೇ ದಿನ ಜಪಾನಿನ ಮೀನುಗಾರಿಕೆ ಹಡಗೊಂದು ಅವರನ್ನು ಎತ್ತಿಕೊಂಡಿತು. ಆರೂ ಜನ ಉಳಿದರು. ಅವರ ಬಳಿ ಬೀಕನ್ ಇರಲಿಲ್ಲ. ಕುಡಿಯುವ ನೀರು, ಕೈ ರೇಡಿಯೋ, ಕನ್ನಡಿ, ಗಾಳ, ಚಾಕು, ಔಷಧ, ಟೋಪಿ, ಪಾಸ್‌ಪೋರ್ಟ್ ಪ್ರತಿಗಳು: ಚೀಲದಲ್ಲಿ ಇಷ್ಟಾದರೂ ಇರಲಿ. ಡಿಂಗಿಯನ್ನೂ ಕಡೆಗಣಿಸಬೇಡಿ.

5. ವಾಂತಿ, ಜ್ವರ, ಔಷಧ

ಕಡಲ ವಾಕರಿಕೆ ಎರಡು ವರ್ಷದೊಳಗಿನ ಕೂಸುಗಳಿಗೆ ಅಪರೂಪ, ಶಾಲೆಗೆ ಹೋಗುವ ವಯಸ್ಸಿನವರಿಗೆ ಜಾಸ್ತಿ. ಎರಡು ಮೂರು ದಿನಕ್ಕೆ ಹೆಚ್ಚಿನವರಿಗೆ ಇಳಿಯುತ್ತದೆ. ಮಾತ್ರೆ ಹೊರಡುವ ಮುಂಚೆ ಕೊಡಬೇಕು. ವಾಂತಿ ಶುರುವಾದಮೇಲೆ ಕೊಟ್ಟರೆ ಮಾತ್ರೆಯೂ ಹೊರಗೇ ಬರುತ್ತದೆ. ಯಾವ ಮಾತ್ರೆ, ಎಷ್ಟು ಅನ್ನುವುದನ್ನು ಮಕ್ಕಳ ವೈದ್ಯರನ್ನೇ ಕೇಳಿ. ದಡದಲ್ಲಿದ್ದಾಗಲೇ ಒಮ್ಮೆ ಕೊಟ್ಟು ನೋಡಿ, ಕೆಲವು ಮಕ್ಕಳು ದಿನವಿಡೀ ತೂಕಡಿಸುತ್ತಾರೆ. ದೊಡ್ಡವರು ಕಿವಿ ಹಿಂದೆ ಅಂಟಿಸಿಕೊಳ್ಳುವ ಪಟ್ಟಿ ಚಿಕ್ಕ ಮಕ್ಕಳಿಗಲ್ಲ. ಓದಲು, ಪರದೆ ನೋಡಲು ಬಿಡಬೇಡಿ. ದಿಗಂತ ನೋಡುತ್ತಾ ಹೊರಗೆ ಕೂರಲಿ, ಇಲ್ಲವೇ ಕಣ್ಣು ಮುಚ್ಚಿ ನಡುವಿನ ಹಾಸಿಗೆಯಲ್ಲಿ ಮಲಗಲಿ. ವಾಂತಿ ಜಾಸ್ತಿಯಾದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಮಟ್ಟ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಹಾಕಿ ಗುಟುಕು ಗುಟುಕಾಗಿ ಕುಡಿಸಿ.

ಮಕ್ಕಳಿಗೆ ಔಷಧ ಕೊಡುವುದು ತೂಕದ ಲೆಕ್ಕದಲ್ಲಿ. ಮೂರು ತಿಂಗಳಿಗೊಮ್ಮೆ ತೂಕ ನೋಡಿ ಔಷಧದ ಡಬ್ಬಿಯ ಮುಚ್ಚಳದ ಮೇಲೆ ಬರೆಯಿರಿ. ಮಹಾಸಾಗರದ ನಡುವೆ ವೈದ್ಯರು ಸಿಗುವುದು ಎಷ್ಟು ಕಷ್ಟ ಅನ್ನುವುದಕ್ಕೆ 2014ರ ಏಪ್ರಿಲ್‌ನ ಒಂದು ಘಟನೆ ಸಾಕು. ಮೆಕ್ಸಿಕೋ ತೀರದಿಂದ ಸುಮಾರು 900 ಮೈಲಿ ಆಚೆ ಒಂದು ಹಾಯಿದೋಣಿಯಲ್ಲಿ ಒಂದು ವರ್ಷದ ಮಗುವಿಗೆ ಜ್ವರ, ಮೈಮೇಲೆ ದದ್ದು. ವಿಮಾನದಿಂದ ರಕ್ಷಣಾ ಸಿಬ್ಬಂದಿ ಪ್ಯಾರಾಚೂಟಿನಲ್ಲಿ ಇಳಿದರು, ಆಮೇಲೆ ನೌಕಾಪಡೆಯ ಹಡಗು ಬಂದು ಕುಟುಂಬವನ್ನು ಕರೆದೊಯ್ದಿತು. ಮಗು ಉಳಿಯಿತು, ದೋಣಿಯನ್ನು ಅಲ್ಲೇ ಮುಳುಗಿಸಬೇಕಾಯಿತು. ಕೂಸು ಈಚೆಗೆ ಕಾಯಿಲೆ ಬಿದ್ದಿದ್ದರೆ ಉದ್ದದ ಪಯಣ ಮುಂದಕ್ಕೆ ಹಾಕಿ. ಉಪಗ್ರಹ ಫೋನು ಇಟ್ಟುಕೊಳ್ಳಿ, ಅದರಲ್ಲಿ ಒಬ್ಬ ವೈದ್ಯರ ನಂಬರೂ ಇರಲಿ.

6. ನೀರು, ಅಡುಗೆ, ಟಾಯ್ಲೆಟ್

ತಲೆಗೆ ದಿನಕ್ಕೆ 10 ಲೀಟರ್ ಅಂದರೆ ನಾಲ್ವರಿಗೆ 40. ನಾನೂರು ಲೀಟರಿನ ಟ್ಯಾಂಕು ಹತ್ತು ದಿನಕ್ಕೆ ಖಾಲಿ. ಉಪ್ಪು ನೀರು ಸಿಹಿ ಮಾಡುವ ಯಂತ್ರ ಇದ್ದರೂ ಅದು ಇಲ್ಲ ಅಂದುಕೊಂಡೇ ಬದುಕಬೇಕು, ಕೆಟ್ಟರೆ ಕಡಲ ಮಧ್ಯದಲ್ಲೇ ಕೆಡುವುದು. ನೀರು ಎರಡು ಟ್ಯಾಂಕಿನಲ್ಲಿ ಬೇರೆ ಬೇರೆ ಇರಲಿ. ಒಂದು ಹಾಳಾದರೆ ಇನ್ನೊಂದು ಇರುತ್ತದೆ. ವಿದ್ಯುತ್ ಪಂಪಿನ ನಲ್ಲಿ ತೆಗೆದು ಕಾಲಲ್ಲಿ ಒತ್ತುವ ಪಂಪು ಹಾಕಿಸಿ. ಒತ್ತಿದಷ್ಟೇ ನೀರು, ಮಕ್ಕಳೂ ತಾವಾಗಿಯೇ ಉಳಿಸಲು ಕಲಿಯುತ್ತಾರೆ. ಪಾತ್ರೆ ಉಪ್ಪು ನೀರಲ್ಲಿ ಉಜ್ಜಿ, ಕೊನೆಗೆ ಸಿಹಿ ನೀರಲ್ಲಿ ಒಮ್ಮೆ ಅದ್ದಿ ತೆಗೆದರೆ ಸಾಕು.

ಒಂದು ವಿಷಯದಲ್ಲಿ ಮಾತ್ರ ಸಿಹಿ ನೀರಿಗೆ ಜಿಪುಣತನ ಬೇಡ. ಮಲಗುವ ಮುಂಚೆ ಎಲ್ಲರೂ ಒದ್ದೆ ಬಟ್ಟೆಯಲ್ಲಿ ಕೈಕಾಲು ಒರೆಸಿಕೊಳ್ಳಲಿ. ಉಪ್ಪು ಗಾಳಿಯ ತೇವ ಎಳೆಯುತ್ತದೆ. ಉಪ್ಪು ಮೆತ್ತಿದ ಕಾಲು ಹಾಸಿಗೆ ಮೇಲೆ ಬಂದರೆ ಆ ಹಾಸಿಗೆ ಬಿಸಿಲಲ್ಲಿ ಹಾಕಿದರೂ ಸಂಜೆಗೆ ಮತ್ತೆ ಜಿಗುಟು. ಒದ್ದೆ ಹಾಸಿಗೆಯಲ್ಲಿ ಯಾರು ಮಲಗುತ್ತಾರೆ?

ಅಡುಗೆ ಒಲೆ ದೋಣಿಯ ಜೊತೆ ವಾಲದೆ ತೂಗಾಡುವಂಥದ್ದಿರುತ್ತದೆ. ಪಾತ್ರೆ ಜಾರದಂತೆ ಹಿಡಿಯುವ ಕ್ಲಿಪ್ ಹಾಕಿ. ಓಡುವಾಗ ಪ್ರೆಶರ್ ಕುಕ್ಕರಿನಲ್ಲೇ ಅಡುಗೆ ಮಾಡಿ. ಉರುಳಿದರೂ ಮುಚ್ಚಳ ಬಿಗಿಯಾಗಿರುವುದರಿಂದ ಬಿಸಿ ಸಾರು ಮೈಮೇಲೆ ಬೀಳುವುದಿಲ್ಲ. ಒಲೆ ಉರಿಯುವಾಗ ಮಕ್ಕಳು ಆ ಕಡೆ ಸುಳಿಯಬಾರದು. ಅಡುಗೆ ಮುಗಿದ ಕೂಡಲೇ ಸಿಲಿಂಡರಿನ ಹತ್ತಿರವೇ ಗ್ಯಾಸ್ ಬಂದ್ ಮಾಡಿ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ದೋಣಿಯ ತಳದಲ್ಲಿ ಸೇರಿಕೊಂಡು ಒಂದು ಕಿಡಿಗೆ ಕಾಯುತ್ತಾ ಕೂರುತ್ತದೆ. ಗ್ಯಾಸ್ ಅಲಾರಂ ಆ ತಳದ ಹತ್ತಿರವೇ ಇರಬೇಕು.

ಸಾಮಾನು ತಂದಾಗ ರಟ್ಟಿನ ಪೆಟ್ಟಿಗೆಗಳನ್ನು ದಡದಲ್ಲೇ ಬಿಟ್ಟುಬನ್ನಿ, ಜಿರಲೆ ಮೊಟ್ಟೆ ಅದರ ಮಡಿಕೆಯಲ್ಲೇ ಬರುವುದು. ಪ್ಲಾಸ್ಟಿಕ್ಕನ್ನು ಕಡಲಿಗೆ ಎಲ್ಲೂ ಎಸೆಯುವಂತಿಲ್ಲ. 1988ರ ಕೊನೆಯಿಂದ ಜಾರಿಯಲ್ಲಿರುವ ಅಂತರರಾಷ್ಟ್ರೀಯ ನಿಯಮ ಅದು. ತೊಳೆದು, ಕತ್ತರಿಸಿ, ಒಂದು ಬಾಟಲಿಯಲ್ಲಿ ತುರುಕಿ ಬಂದರಿನವರೆಗೆ ಒಯ್ಯಿರಿ.

ಇನ್ನು ಟಾಯ್ಲೆಟ್. ಕೈಪಂಪಿನದಾದರೆ ಪ್ರತಿ ಸಲ 20 ಬಾರಿ ಒತ್ತಬೇಕು. ನಮ್ಮ ಮನೆಯ ಚಿಕ್ಕವನು ಮೂರೇ ಸಲ ಒತ್ತಿ ಓಡುತ್ತಿದ್ದ. ಕೊಳವೆಯಲ್ಲಿ ಎಲ್ಲ ಅರ್ಧ ದಾರಿಯಲ್ಲೇ ನಿಂತು ಗಟ್ಟಿಯಾಗಿ, ಒಂದು ಮಧ್ಯಾಹ್ನ ಪಂಪು ಅಲ್ಲಾಡಲೇ ಇಲ್ಲ. ಸೊಂಟ ಮಡಚಿ ಒಂದು ಬೀರುವಿನೊಳಗೆ ತಲೆ ತೂರಿಸಿ, ಕೊಳವೆ ಬಿಚ್ಚಿ, ಎರಡು ಗಂಟೆ. ಅದರ ವಾಸನೆಯ ವಿವರ ಬೇಡ. ಆಮೇಲೆ ಗೋಡೆಗೆ ಒಂದು ಚೀಟಿ ಅಂಟಿಸಿದೆವು, ಇಪ್ಪತ್ತರವರೆಗೆ ಹಾಡಿ ಎಣಿಸುವ ಹಾಗೆ. ಕಾಗದವನ್ನು ಪಕ್ಕದ ಡಬ್ಬಿಗೇ ಹಾಕಿ. ವಾರಕ್ಕೊಮ್ಮೆ ವಿನೆಗರ್ ಸುರಿದು ರಾತ್ರಿಯಿಡೀ ಬಿಡಿ. ಬದಲಿ ಪಂಪು ಒಂದು ಯಾವಾಗಲೂ ಇರಲಿ.

7. ಪಾಠ, ಕಾಗದಪತ್ರ

ಮನೆಪಾಠದ ಕಾನೂನು ದೇಶಕ್ಕೊಂದು ಥರ. ಜರ್ಮನಿಯಲ್ಲಿ ಸಾಮಾನ್ಯವಾಗಿ ಅವಕಾಶವೇ ಇಲ್ಲ. ನಿಮ್ಮ ದೇಶದ ನಿಯಮ ಬರಹದಲ್ಲಿ ಕೇಳಿ ಪಡೆಯಿರಿ. ಲಂಗರು ಹಾಕಿದ ದಿನಗಳಲ್ಲಿ ಬೆಳಗ್ಗೆ ಎರಡು ಮೂರು ಗಂಟೆ ಪಾಠ ಸಾಕು, ಒಬ್ಬರಿಗೊಬ್ಬರು ಎದುರು ಕೂತರೆ ಕೆಲಸ ಬೇಗ ಸಾಗುತ್ತದೆ. ರಾತ್ರಿಯಿಡೀ ಓಡಿದ ಮಾರನೆಯ ದಿನ ಪಾಠ ಬೇಡ. ಆಗ ಗಣಿತ ಕಲಿಸಲು ಹೋದರೆ ಕಲಿಯುವುದು ಬೈಗುಳ ಮಾತ್ರ. ಅಂಥ ದಿನ ನಕ್ಷೆಯಲ್ಲಿ ದೂರ ಅಳೆಯುವುದು, ವಾಯುಭಾರ ಬರೆದಿಡುವುದು ಮಕ್ಕಳ ಪಾಲಿಗಿರಲಿ.

ಪಾಸ್‌ಪೋರ್ಟ್, ದೋಣಿಯ ನೋಂದಣಿ, ವಿಮೆ, ಲಸಿಕೆ ಕಾರ್ಡು, ಎಲ್ಲರ ಹೆಸರಿನ ಪಟ್ಟಿಯ ಹತ್ತಾರು ಪ್ರತಿ, ಇವು ಒಂದು ನೀರು ಹೋಗದ ಚೀಲದಲ್ಲಿ. ಅಪ್ಪ ಅಮ್ಮನಲ್ಲಿ ಒಬ್ಬರೇ ಮಗುವಿನ ಜೊತೆ ಗಡಿ ದಾಟುವುದಾದರೆ ಇನ್ನೊಬ್ಬರ ಒಪ್ಪಿಗೆ ಪತ್ರ ಬೇಕಾಗಬಹುದು.

8. ಮೊದಲ ರಾತ್ರಿ ಪಯಣ

ಸೀದಾ ಮಹಾಸಾಗರಕ್ಕೆ ಇಳಿಯಬೇಡಿ. ಹಗಲು ಪಯಣ, ಆಮೇಲೆ ಒಂದು ರಾತ್ರಿ, ಆಮೇಲೆ ಮೂರು ದಿನ. ಕೆನರಿ ದ್ವೀಪಗಳಿಂದ ಕೆರಿಬಿಯನ್‌ಗೆ ಸುಮಾರು 2700 ನಾಟಿಕಲ್ ಮೈಲಿ, ದಿನಕ್ಕೆ 120ರಂತೆ ಮೂರು ವಾರಕ್ಕೂ ಜಾಸ್ತಿ. ಉತ್ತರ ಅಟ್ಲಾಂಟಿಕ್‌ನಲ್ಲಿ ಚಂಡಮಾರುತದ ಕಾಲ ಜೂನ್ 1ರಿಂದ ನವೆಂಬರ್ 30ರವರೆಗೆ. ಆದ್ದರಿಂದ ದಾಟುವವರು ನವೆಂಬರ್ ಕೊನೆಯ ಹೊತ್ತಿಗೆ, ಇಲ್ಲವೇ ಅದಾದಮೇಲೆ ಹೊರಡುತ್ತಾರೆ. ಹೀಗೆ ಯಾವ ಕಡಲಿಗೂ ಅದರದೇ ಕಾಲ ಇದೆ. ಊರಿಂದ ಬರುವ ನೆಂಟರಿಗೆ "ಇಂಥ ದಿನ ಇಂಥ ಬಂದರಿನಲ್ಲಿ ಸಿಗುತ್ತೇವೆ" ಅಂತ ಮಾತು ಕೊಡಬೇಡಿ. ದಿನ ಹೇಳಿದರೆ ಜಾಗ ಹೇಳಬೇಡಿ, ಜಾಗ ಹೇಳಿದರೆ ದಿನ ಹೇಳಬೇಡಿ.

ಮೊದಲ ರಾತ್ರಿಗೆ ಬೆಳದಿಂಗಳಿರುವ ದಿನ, ಹಿಂದಿನಿಂದ ಹಗುರ ಗಾಳಿ, 60ರಿಂದ 70 ಮೈಲಿ ದೂರದ ಬಂದರು ಆರಿಸಿ. ಗೊತ್ತಿಲ್ಲದ ಬಂದರನ್ನು ಕತ್ತಲಲ್ಲಿ ಹೊಕ್ಕಬೇಡಿ, ಬೇಗ ಮುಟ್ಟಿದರೆ ಹಾಯಿ ಚಿಕ್ಕದು ಮಾಡಿ ಹೊರಗೇ ಬೆಳಕಿಗೆ ಕಾಯಿರಿ. ಊಟ ಹಗಲಲ್ಲೇ ಮಾಡಿಟ್ಟಿರಬೇಕು. ಸಿಂಕು ಖಾಲಿ ಇರಬೇಕು.

ತಲುಪಿದಮೇಲೆ ನೀರಿನ ಆಳಕ್ಕೆ ಮೂತಿಯ ಎತ್ತರವನ್ನೂ ಉಬ್ಬರವನ್ನೂ ಸೇರಿಸಿ, ಅದರ ಐದರಷ್ಟು ಸರಪಳಿ ಬಿಡಿ. ಎಂಜಿನ್ ಹಿಂದಕ್ಕೆ ಓಡಿಸಿ ಲಂಗರು ಹಿಡಿದಿದೆಯಾ ನೋಡಿ, ಅದು ಜಾರಿದರೆ ಕೂಗುವ ಅಲಾರಂ ಇಡಿ. ಬೇರೆ ದೇಶವಾದರೆ ಹಳದಿ ಬಾವುಟ ಏರಿಸಬೇಕು. ಅಧಿಕಾರಿಗಳು ಒಪ್ಪಿಗೆ ಕೊಡುವವರೆಗೆ ಸಾಮಾನ್ಯವಾಗಿ ದೋಣಿಯ ಮುಖ್ಯಸ್ಥರು ಮಾತ್ರ ದಡಕ್ಕೆ ಹೋಗಬಹುದು. ಮರಳು ಕಣ್ಣೆದುರೇ ಕಾಣುವಾಗ ಮಕ್ಕಳನ್ನು ಹಿಡಿದಿಡುವುದು ಕಷ್ಟ. ದಡಕ್ಕೆ ಹೋಗದವರು ಆ ಹೊತ್ತಿನಲ್ಲಿ ಒಂದು ನಿದ್ದೆ ತೆಗೆಯಿರಿ. ಮಕ್ಕಳು ಕಾಕ್‌ಪಿಟ್ಟಿನಲ್ಲೇ ಕೂತು ಡಿಂಗಿ ವಾಪಸ್ ಬರುವುದನ್ನು ಕಾಯಲಿ, ಕಂಡ ಕೂಡಲೇ ನಿಮ್ಮನ್ನು ಎಬ್ಬಿಸಲಿ. ಹಳದಿ ಬಾವುಟ ಇಳಿಸುವ ಕೆಲಸ ಅವರಿಗೇ ಬಿಡಿ.